ಬಲಗಿವಿಗೆ ಬಿದ್ದ ಮಾತು

ಹಿಂದೂಪುರದ ಹುಣಸೆ ಮಂಡಿಯಲ್ಲಿ ಶರಣಬಸವನ ಮಾತಿಗೆ ಬೆಲೆಯಿತ್ತು, ಹಾಡಿಗೆ ಇರಲಿಲ್ಲ. ಎರಡರಲ್ಲಿ ಒಂದನ್ನು ಉಳಿಸಿಕೋ ಎಂದು ದೇವರು ಕೇಳಿದ್ದರೆ ಅವನು ಮಂಡಿಯ ಬೀಗದಕೈಯನ್ನು ಅಲ್ಲೇ ದೇವರ ಕೈಗಿಟ್ಟು ತಂಬೂರಿ ಹಿಡಿದು ಹೊರಟುಬಿಡುತ್ತಿದ್ದ. ದೇವರು ಕೇಳಲಿಲ್ಲ. ಹಾಗಾಗಿ ಅವನು ಬೆಳಗ್ಗೆ ಹುಣಸೆಹಣ್ಣು ಮಾರುತ್ತ, ಸಂಜೆ ವಚನ ಹಾಡುತ್ತ, ಎರಡು ಹೊತ್ತೂ ಜನರ ಮುಖ ಹುಳ್ಳಗೆ ಮಾಡುತ್ತ ಬದುಕಿದ್ದ.

ನ್ಯಾಯವಾಗಿ ಹೇಳಬೇಕೆಂದರೆ ಅವನ ಕಂಠ ಕೆಟ್ಟದ್ದಲ್ಲ, ಸಣ್ಣದು. ಹಿತ್ತಲಿನ ಕಟ್ಟೆಯ ಮೇಲೆ ಕೂತು ತನ್ನಷ್ಟಕ್ಕೆ ಗುನುಗಿದರೆ ಹೆಂಡತಿ ಭ್ರಮರಾಂಬ ಬಟ್ಟೆ ಒಗೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದುದುಂಟು. ಕೆಡುತ್ತಿದ್ದದ್ದು ಮೈಕು ಕೈಗೆ ಸಿಕ್ಕಾಗ. ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಬಾಯೊಳಗೆ ತುರುಕಿಕೊಂಡು, ಕಣ್ಣು ಮುಚ್ಚಿ ಕಿರುಚುತ್ತಿದ್ದ. ಕಣ್ಣು ತೆರೆಯುವ ಹೊತ್ತಿಗೆ ಮುಂದಿನ ಸಾಲು ಖಾಲಿಯಾಗಿರುತ್ತಿತ್ತು.

ಇದರಿಂದ ಮೂರು ವರ್ಷದ ಹಿಂದೆ ಒಂದು ದೊಡ್ಡ ಅನಾಹುತವಾಗಿತ್ತು. ಕಲ್ಯಾಣದುರ್ಗದಲ್ಲಿ ಭ್ರಮರಾಂಬನ ಅಣ್ಣ ದೊಡ್ಡಬಸಪ್ಪ ಹೊಸ ಮನೆ ಕಟ್ಟಿಸಿದ್ದ. ಬೆಳುಗುಪ್ಪದ ಕಡೆ ಜಮೀನಿರುವ ಗಟ್ಟಿ ಕುಳ, ಅದಕ್ಕೆ ತಕ್ಕ ಗತ್ತು. ಗೃಹಪ್ರವೇಶಕ್ಕೆ ಹಸುವನ್ನು ಮೊದಲು ಹೊಸ್ತಿಲು ದಾಟಿಸುವುದು ಪದ್ಧತಿ. ಅರಿಸಿನ ಕುಂಕುಮ ಹಚ್ಚಿಸಿಕೊಂಡ ಹಸು ಹೊಸ್ತಿಲ ಮೇಲೆ ಒಂದು ಕಾಲಿಟ್ಟ ಗಳಿಗೆಯಲ್ಲೇ ಶರಣಬಸವ ಮೈಕು ಹಿಡಿದು, ಹಾಡುತ್ತ, ಮೈಮರೆತು ಸ್ಪೀಕರಿನ ಮುಂದಕ್ಕೆ ನಡೆದ. ಸ್ಪೀಕರು ಕುಯ್ಯೋ ಎಂದು ಅರಚಿತು. ಹಸು ಹಗ್ಗ ಕಿತ್ತುಕೊಂಡು, ಮಾವಿನ ತೋರಣವನ್ನು ಕೊಂಬಿಗೆ ಸಿಕ್ಕಿಸಿಕೊಂಡು, ರಸ್ತೆ ದಾಟಿ ಎದುರುಮನೆ ಬೈರಣ್ಣನ ನಡುಮನೆಗೆ ಹೋಗಿ ನಿಂತಿತು. ಅಲ್ಲಿ ಸಗಣಿಯನ್ನೂ ಹಾಕಿತು. ಶಾಸ್ತ್ರ ಬಲ್ಲವರ ಪ್ರಕಾರ ದೊಡ್ಡಬಸಪ್ಪನ ಗೃಹಪ್ರವೇಶ ಯಾವ ಕುಂದೂ ಇಲ್ಲದೆ ಬೈರಣ್ಣನ ಮನೆಗೆ ಆಯಿತು. ಆ ವರ್ಷವೇ ಬೈರಣ್ಣನ ಬೋರಿಗೆ ನೀರು ಬಿತ್ತು, ಮಗಳಿಗೆ ಸರ್ಕಾರಿ ಕೆಲಸ ಸಿಕ್ಕಿತು, ಹತ್ತು ವರ್ಷದ ಮೊಣಕಾಲು ನೋವು ಹೇಳದೆ ಕೇಳದೆ ಹೊರಟುಹೋಯಿತು. ದೊಡ್ಡಬಸಪ್ಪ ಬೆಳಗೆದ್ದು ಎದುರುಮನೆ ನೋಡಿದಾಗಲೆಲ್ಲ ಅವನಿಗೆ ತಂಗಿಯ ಗಂಡ ನೆನಪಾಗುತ್ತಿದ್ದ.

ಅಂದಿನಿಂದ ತವರಿನ ಬಾಗಿಲು ಮುಚ್ಚಿತು. ಗೌರಿ ಹಬ್ಬಕ್ಕೆ ಬಾಗಿನ ಬರಲಿಲ್ಲ. ತಾಯಿ ತೀರಿಕೊಂಡ ಮೇಲೆ ಭ್ರಮರಾಂಬನಿಗೆ ಆ ಮನೆಯಲ್ಲಿ ಉಳಿದಿದ್ದವನು ಅಣ್ಣ ಒಬ್ಬನೇ. ಅವಳು ಗಂಡನನ್ನು ಒಂದು ಮಾತೂ ಅನ್ನಲಿಲ್ಲ. ಹಬ್ಬದ ದಿನ ಮಾತ್ರ ಮಧ್ಯಾಹ್ನದವರೆಗೂ ಬೀದಿಬಾಗಿಲು ತೆರೆದಿಟ್ಟುಕೊಂಡು ಕೂತಿರುತ್ತಿದ್ದಳು. ಆ ದಿನಗಳಲ್ಲಿ ಶರಣಬಸವನಿಗೆ ಹೋಳಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹೀಗಿರುವಾಗ ಅಣ್ಣನ ಫೋನು ಬಂತು. ಅವನ ಮಗ ಮಧು ತನ್ನ ಬ್ಯಾಂಕಿನಲ್ಲೇ ಕೆಲಸ ಮಾಡುವ ಭಾರ್ಗವಿ ಎಂಬ ತೆಲುಗು ಹುಡುಗಿಯನ್ನು ಮೆಚ್ಚಿದ್ದ. ದೊಡ್ಡಬಸಪ್ಪ ಒಂದು ವರ್ಷ ಒಲ್ಲೆ ಎಂದು ಕುಣಿದು, ಕುಣಿದು ಸುಸ್ತಾಗಿ, ಮದುವೆಗೆ ಮುಂಚೆ ಹುಡುಗಿಗೆ ಲಿಂಗದೀಕ್ಷೆ ಆಗಬೇಕು ಎಂಬ ಷರತ್ತಿನ ಮೇಲೆ ಒಪ್ಪಿದ್ದ.

"ಭಾನುವಾರ ದೀಕ್ಷೆ ಇಟ್ಕೊಂಡಿದೀವಿ ಕಣಮ್ಮ. ಮಠದ ಸ್ವಾಮಿಗಳು ಬತ್ತಾರೆ. ಮನೆ ಹೆಣ್ಮಗಳು ನೀನಿಲ್ದಿದ್ರೆ ಹೆಂಗೆ? ಬಾವನ್ನೂ ಕರ್ಕೊಂಡು ಬಾ. ಆದ್ರೆ ಒಂದು ಮಾತು. ಬಾವನ ಕೈಗೆ ಮೈಕು ಕೊಡಂಗಿಲ್ಲ."

ಭ್ರಮರಾಂಬ ಗಂಡನ ಕೈಯನ್ನು ವಿಭೂತಿ ಗಟ್ಟಿಯ ಮೇಲೆ ಇರಿಸಿ ಹೇಳಿದಳು. "ಹೇಳ್ರಿ. ಕೈಯಾಗೆ ಮೈಕು ಹಿಡಿಯಲ್ಲ ಅಂತ ಹೇಳ್ರಿ."

"ಹಿಡಿಯಲ್ಲ," ಎಂದ ಶರಣಬಸವ. ಆ ಕ್ಷಣದಲ್ಲಿ ಅವನ ಮನಸ್ಸು ಶುದ್ಧವಾಗಿಯೇ ಇತ್ತು.

ಕೆಟ್ಟದ್ದು ಎರಡು ದಿನದ ಮೇಲೆ. ಫೋನಿನಲ್ಲಿ ಯಾರೋ ಗಾಯಕರ ಕಚೇರಿಯ ವಿಡಿಯೋ ಬಂತು. ಗಾಯಕರು ಎರಡು ಕೈಯನ್ನೂ ಧಾರಾಳವಾಗಿ ಆಡಿಸುತ್ತ ಹಾಡುತ್ತಿದ್ದರು. ಬಾಯಿಯ ಹತ್ತಿರ ಏನೂ ಇಲ್ಲ. ಗೇಣುದೂರದಲ್ಲಿ ಪುಟ್ಟ ಸ್ಟ್ಯಾಂಡಿನ ಮೇಲೆ ಪೆನ್ಸಿಲಿನಷ್ಟು ಸಣ್ಣ ಮೈಕು ಕೂತಿತ್ತು. ಕಂಡೆನ್ಸರ್ ಎಂದು ಅದರ ಹೆಸರು, ಪಿಸುಮಾತನ್ನೂ ಬಿಡದೆ ಹಿಡಿಯುತ್ತದೆ ಎಂದು ಕೆಳಗೆ ಬರೆದಿತ್ತು. ಶರಣಬಸವ ಅದನ್ನು ನಾಲ್ಕು ಸಲ ನೋಡಿದ. ಇದನ್ನು ಕೈಯಲ್ಲಿ ಹಿಡಿಯುವುದಿಲ್ಲ. ಅವನು ಆಣೆ ಮಾಡಿದ್ದು ಕೈಯಲ್ಲಿ ಹಿಡಿಯುವುದಿಲ್ಲ ಎಂದು. ಆಣೆಗೂ ವಿಜ್ಞಾನಕ್ಕೂ ಇಷ್ಟು ಚೆನ್ನಾಗಿ ಹೊಂದಿಕೆಯಾದದ್ದನ್ನು ಅವನು ಶಿವನ ಇಚ್ಛೆ ಎಂದೇ ತಿಳಿದ. ಮಾರನೆಯ ಬೆಳಗ್ಗೆ ಬೆಂಗಳೂರಿನ ರೈಲು ಹತ್ತಿ, ಸಂಜೆಗೆ ಒಂದು ಜೊತೆ ತಂದ.

ಭ್ರಮರಾಂಬ ಮಾರ್ಕೆಟ್ಟಿಗೆ ಹೋದಾಗ ಪರೀಕ್ಷೆ ನಡೆಯಿತು. ಪರೀಕ್ಷಕ, ಪಕ್ಕದ ಮನೆಯ ವಿಜಯಕುಮಾರ್. ಬಟ್ಟೆ ಅಂಗಡಿಯವನಾದ್ದರಿಂದ ಅವನಿಗೆ ಎಲ್ಲ ವಿಷಯವೂ ಗೊತ್ತಿತ್ತು. ಅವನು ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿದ. ಮೈಕು ಕಿಟಕಿಯ ಕಡೆಗೆ ಮುಖ ಮಾಡಿತ್ತು.

"ಎಂಥಾ ಮೈಕ್ ಕಣಯ್ಯಾ! ನಮ್ಮನೇಲಿ ಕಾವಲಿ ಚುಂಯ್ ಅಂದಿದ್ದು ಕೇಳ್ತೈತೆ. ತಡಿ... ನಮ್ಮೋಳು ಮಗಳಿಗೆ ಏನೋ ಹೇಳ್ತಾವ್ಳೆ." ಅವನ ಮುಖ ಮೆಲ್ಲಗೆ ಇಳಿಯಿತು. "ನಿಮ್ಮಪ್ಪ ಹೊರಗೆ ಹೋದ್ರು, ಈಗ ಬಿಸಿ ಬಿಸಿ ದೋಸೆ ಹಾಕ್ತೀನಿ ಬಾ, ಅಂತವ್ಳೆ. ಇಪ್ಪತ್ತು ವರ್ಷದಿಂದ ನಂಗೆ ತಣ್ಣಗಿರೋದೇ ಇಡ್ತಾವ್ಳಲ್ಲಯ್ಯ!" ವಿಜಯಕುಮಾರ್ ಹೆಡ್‌ಫೋನು ಕಿತ್ತಿಟ್ಟು ಮನೆಗೆ ಓಡಿದ. ಆ ಮನೆಯಲ್ಲಿ ಮುಂದೆ ನಡೆದದ್ದು ಮೈಕಿಲ್ಲದೆಯೂ ಕೇಳಿಸಿತು.

ಬುದ್ಧಿಯಿದ್ದವನು ಇದರಿಂದ ಒಂದು ಪಾಠ ಕಲಿಯುತ್ತಿದ್ದ. ಶರಣಬಸವ ಬೇರೆಯದನ್ನು ಕಲಿತ. ಈ ಮೈಕು ಮುಖ ಎತ್ತ ತಿರುಗಿಸಿದೆಯೋ ಅತ್ತ ಮಾತ್ರ ಕೇಳುತ್ತದೆ, ಬೇಡದಾಗ ಮುಖ ತಿರುಗಿಸಿಬಿಟ್ಟರೆ ಸಾಕು, ಎಂದುಕೊಂಡ. ಹಳೆಯ ಮೈಕಿನ ಕತ್ತಿನಲ್ಲಿ ಒಂದು ಗುಂಡಿ ಇರುತ್ತಿತ್ತು, ಒತ್ತಿದರೆ ಬಾಯಿ ಮುಚ್ಚುತ್ತಿತ್ತು. ಇದರಲ್ಲಿ ಅದಿಲ್ಲ ಎಂಬುದು ಅವನ ಕಣ್ಣಿಗೆ ಬೀಳಲೇ ಇಲ್ಲ.

ಭಾನುವಾರ ಬೆಳಗ್ಗೆ ದೊಡ್ಡಬಸಪ್ಪನ ಅಂಗಳದಲ್ಲಿ ಶಾಮಿಯಾನ ಎದ್ದಿತ್ತು. ನಡುವೆ ಚಿಕ್ಕ ವೇದಿಕೆ, ಸ್ವಾಮಿಗಳಿಗೆ ಗದ್ದುಗೆ. ಸೌಂಡ್ ಸರ್ವೀಸಿನ ವಂಶಿ ಅಂಗಳದಲ್ಲಿ ಒಂದು ದೊಡ್ಡ ಸ್ಪೀಕರ್ ಬಾಕ್ಸು ಇಟ್ಟು, ಗಲ್ಲಿಯುದ್ದಕ್ಕೂ ವೈರು ಎಳೆದು, ದೂರದ ಬಜಾರ್ ತಿರುವಿನ ಬೇವಿನ ಮರಕ್ಕೆ ಎರಡು ಹಾರ್ನು ಕಟ್ಟಿದ್ದ. ಶರಣಬಸವ ಬೆಳಗಿನ ಮೊದಲ ಬಸ್ಸಿಗೇ ಹೆಂಡತಿಯನ್ನು ಹೊರಡಿಸಿಕೊಂಡು ಬಂದು, ಅವಳು ಅಡುಗೆಮನೆ ಸೇರಿದ ಕೂಡಲೆ ವಂಶಿಯ ಹೆಗಲ ಮೇಲೆ ಕೈ ಹಾಕಿದ. ಹುಣಸೆಹಣ್ಣಿನ ಚೀಲದಡಿಯಿಂದ ಮೈಕುಗಳು ಹೊರಬಂದವು. ಒಂದು ಹಾರ್ಮೋನಿಯಮ್ಮಿನ ಮುಂದೆ, ಇನ್ನೊಂದು ಗದ್ದುಗೆಯ ಪಕ್ಕದಲ್ಲಿ ತನ್ನ ಜಾಗಕ್ಕೆ.

ದೊಡ್ಡಬಸಪ್ಪ ಬಂದು ವೇದಿಕೆಯ ಮುಂದೆ ನಿಂತ. ಕಣ್ಣು ಸಣ್ಣದು ಮಾಡಿದ.

"ಬಾವ, ಇದೇನು ಕಡ್ಡಿ ಕಡ್ಡಿ ನಿಲ್ಲಿಸಿದೀರಿ?"

ಶರಣಬಸವ ಮೈಕಿಗೆ ಅಡ್ಡವಾಗಿ ಸರಿದ. "ಊದುಬತ್ತಿ ಸ್ಟ್ಯಾಂಡು ಬಾವ. ಬೆಂಗಳೂರು ಮಾಲು."

"ಓಹೋ," ಎಂದು ದೊಡ್ಡಬಸಪ್ಪ ತಲೆಯಾಡಿಸುವಷ್ಟರಲ್ಲಿ ವಂಶಿ ಮಿಕ್ಸರಿನಲ್ಲಿ ಏನನ್ನೋ ಮೇಲಕ್ಕೆ ಎತ್ತಿದ. ಅಂಗಳದ ಬಾಕ್ಸು ಕುಯ್ಯೋ ಎಂದಿತು.

ಅಡುಗೆಮನೆಯಲ್ಲಿ ಭ್ರಮರಾಂಬನ ಕೈಯಿಂದ ಸೌಟು ಬಿದ್ದದ್ದು ಶರಣಬಸವನಿಗೆ ಕೇಳಿಸಿತು. ದೊಡ್ಡಬಸಪ್ಪ ಮೆಲ್ಲಗೆ ತಿರುಗಿ ಬಾವನ ಎರಡೂ ಕೈ ನೋಡಿದ. ಖಾಲಿ ಇದ್ದವು. ಎದುರುಮನೆಯ ಬೈರಣ್ಣ ಮಾತ್ರ ಆ ಸದ್ದಿಗೆ ಹೊರಗೆ ಓಡಿಬಂದು, ಈ ಕಡೆ ಒಮ್ಮೆ ಆಸೆಯಿಂದ ನೋಡಿ, ತನ್ನ ಬಾಗಿಲಿನ ಎರಡೂ ರೆಕ್ಕೆಯನ್ನು ಅಗಲವಾಗಿ ತೆರೆದಿಟ್ಟ.

"ಅಂಕುಲ್," ಎಂದು ವಂಶಿ ಕಿವಿಯ ಹತ್ತಿರ ಬಂದ. "ಈ ಮೈಕು ಜಾಸ್ತಿ ಸೂಕ್ಷ್ಮ. ಎದುರಿಗೇ ಬಾಕ್ಸಿದ್ರೆ ಕಿರುಚ್ತೈತೆ. ಬಾಕ್ಸು ಆಫ್ ಮಾಡ್ಬುಟ್ಟಿದೀನಿ. ಬಜಾರಿನ ಹಾರ್ನಿಗೆ ಮಾತ್ರ..."

ಆಫ್ ಎಂಬ ಮಾತು ಕಿವಿಗೆ ಬಿದ್ದದ್ದೇ ಶರಣಬಸವ ಶಿವಶಿವಾ ಎಂದು ಉಸಿರು ಬಿಟ್ಟು ಎದ್ದುಹೋದ. ಮಾತಿನ ಬಾಲ ಕೇಳುವ ಅಭ್ಯಾಸ ಅವನಿಗೆ ಮಂಡಿಯಲ್ಲೂ ಇರಲಿಲ್ಲ. ಎಲ್ಲ ಆಫ್ ಆಗಿದೆ, ಹಾಡುವ ಹೊತ್ತಿಗೆ ಆನ್ ಮಾಡಿಸಿದರಾಯಿತು. ವಂಶಿ, ಸರಿ ಹಾಗಾದರೆ ಎಂದು ಉಪ್ಪಿಟ್ಟು ತಿನ್ನಲು ಹಿತ್ತಲಿಗೆ ಹೋದ. ಮಿಕ್ಸರಿನಲ್ಲಿ ಎರಡು ಹಸಿರು ದೀಪ ಉರಿಯುತ್ತಲೇ ಇದ್ದವು.

ಸ್ವಾಮಿಗಳು ಬಂದರು. ತುಂಬಾ ವಯಸ್ಸಾದವರು, ಮಾತು ಮೆತ್ತಗೆ. ಹುಡುಗಿಯ ತಾಯ್ನುಡಿ ತೆಲುಗೆಂದು ದೀಕ್ಷೆಯ ಮಾತನ್ನು ತೆಲುಗಿನಲ್ಲೇ ಹೇಳುತ್ತೇನೆಂದರು. ಭಾರ್ಗವಿ ಬಿಳಿಸೀರೆ ಉಟ್ಟು ಎದುರಿಗೆ ಕೂತಳು. ಹಾಡುಗಾರನಾಗಿ ಅಲ್ಲೇ ಪಕ್ಕದಲ್ಲಿದ್ದ ಶರಣಬಸವನಿಗೆ ಒಂದು ಕೆಮ್ಮು ಬರುವಂತಾಯಿತು. ಮೈಕು ಆಫ್ ಇದ್ದರೂ ಭಕ್ತಿಯ ವಿಷಯದಲ್ಲಿ ಅಜಾಗರೂಕತೆ ಸಲ್ಲದೆಂದು, ತನ್ನ ಕೆಮ್ಮು ಅದಕ್ಕೆ ಬೀಳದಂತೆ ಅದರ ಮುಖವನ್ನು ಆಚೆ ಕಡೆಗೆ ತಿರುಗಿಸಿದ. ಆಚೆ ಕಡೆ ಸ್ವಾಮಿಗಳ ಬಾಯಿತ್ತು.

ದೀಕ್ಷೆಯ ಮಂತ್ರವನ್ನು ಗುರುವು ಶಿಷ್ಯರ ಬಲಗಿವಿಯಲ್ಲಿ ಉಸುರಬೇಕು. ಬೇರೆ ಯಾರ ಕಿವಿಗೂ ಬೀಳಬಾರದು. ಅದಕ್ಕೆಂದು ಇಬ್ಬರ ತಲೆಯ ಮೇಲೂ ದಪ್ಪ ಶಾಲು ಹೊದಿಸಿದರು. ಶಾಲು ದೊಡ್ಡದು. ಗುರುವನ್ನೂ ಶಿಷ್ಯೆಯನ್ನೂ ಮುಚ್ಚಿ, ಜೊತೆಗೆ ಒಂದು ಊದುಬತ್ತಿ ಸ್ಟ್ಯಾಂಡನ್ನೂ ಮುಚ್ಚಿತು. ಅದೇ ಗಳಿಗೆಗೆ ದೊಡ್ಡಬಸಪ್ಪ ಓಲಗದವರಿಗೆ ಕೈಬೀಸಿದ. ಡೋಲು ಗುಡುಗಿತು. ಅಂಗಳದಲ್ಲಿ ಪಕ್ಕದವರ ಮಾತೂ ಕೇಳದಾಯಿತು. ಶಾಲು ಹಗುರವಾಗಿ ಅಲುಗುತ್ತಿತ್ತು. ಭ್ರಮರಾಂಬ ಕಂಬಕ್ಕೊರಗಿ ಕಣ್ಣೊರೆಸಿಕೊಂಡಳು. ಎಲ್ಲ ಸುಸೂತ್ರವಾಯಿತು, ಇನ್ನು ಅಣ್ಣ ತನ್ನನ್ನು ಬಿಡುವುದಿಲ್ಲ ಎಂಬ ನೆಮ್ಮದಿ ಅವಳ ಮುಖದಲ್ಲಿತ್ತು. ಅದನ್ನು ನೋಡಿ ಶರಣಬಸವನಿಗೆ ಎದೆ ತುಂಬಿಬಂತು.

ಓಲಗ ನಿಂತಿತು. ಸ್ವಾಮಿಗಳೂ ಭಾರ್ಗವಿಯೂ ಪೂಜೆಗೆ ಒಳಗೆ ಹೋದರು. ಆಗ ಬೀದಿಬಾಗಿಲಲ್ಲಿ ಮಟನ್ ಕತ್ತರಿಸುವ ಮಚ್ಚು ಹಿಡಿದ ಒಬ್ಬ ಹೆಂಗಸು ಬಂದು ನಿಂತಳು.

ಅಂಗಳಕ್ಕೆ ಅಂಗಳವೇ ಎದ್ದು ನಿಂತಿತು. ಓಲಗದವರು ಡೋಲಿನ ಹಿಂದೆ ಸರಿದರು.

"ಯಾರ್ರೀ ಅದು, ನನ್ ಗಂಡನಿಗೆ ದೀಕ್ಷೆ ಕೊಟ್ಟೋರು?" ಎಂದಳು. ಅವಳು ರಾಮಾಂಜಿನಮ್ಮ. ಬಜಾರ್ ತಿರುವಿನಲ್ಲಿ, ಬೇವಿನ ಮರದ ಕೆಳಗೇ, ಅವಳ ಗಂಡ ಕದಿರಣ್ಣನ ಮಟನ್ ಅಂಗಡಿ. ಕದಿರಣ್ಣನೂ ಹಿಂದೆಯೇ ಬಂದ. ಒಲೆಯ ಬೂದಿ ತೆಗೆದು ಹಣೆಗೆ ಮೂರು ಬೆರಳು ಎಳೆದುಕೊಂಡಿದ್ದ. ಎರಡು ಕೈ ಮುಗಿದಿದ್ದ. ಮುಖ ಬೆಳದಿಂಗಳಾಗಿತ್ತು.

"ಗಿರಾಕಿಗೆ ತೊಡೆ ಕಡೀತಿದ್ದೆ ಸಾಮಿ," ಎಂದ. "ಮಚ್ಚು ಮೇಲೆತ್ತಿದೀನಿ. ಕಿವಿಗೇ ಬಾಯಿಟ್ಟು ಯಾರೋ ಉಸುರಿದಂಗಾಯ್ತು. 'ಜೀವಹಿಂಸ ವದಿಲೆಯ್ ತಲ್ಲೀ, ವದಿಲೇಶಾನು ಅನು.' ಬಿಟ್ಟೆ ಅನ್ನು ಅಂತ ದೇವ್ರೇ ಹೇಳಿದ್ ಮ್ಯಾಲೆ ಅನ್ದಂಗೆ ಇರಕ್ಕಾಯ್ತದಾ? ವದಿಲೇಶಾನು ಅಂದ್ಬುಟ್ಟೆ. ಆಮ್ಯಾಕೆ ಮಂತ್ರ ಬಂತು. ಮಚ್ಚು ಕೆಳಗಿಟ್ಟೆ."

"ಕೆಳಗಿಟ್ಟ! ಭಾನುವಾರ ದಿನ!" ರಾಮಾಂಜಿನಮ್ಮ ಮಚ್ಚನ್ನು ಗಂಡನ ಕಡೆ ತೋರಿಸಿದಳು. "ಗಿರಾಕಿಗಳು ಬೀದಿವರೆಗೂ ನಿಂತವ್ರೆ. ಮೂರು ಮಕ್ಕಳಿಗೆ ಇನ್ನು ಮಂತ್ರ ಬೇಯ್ಸಿ ಹಾಕ್ಲಾ?"

ದೊಡ್ಡಬಸಪ್ಪ ಕದಿರಣ್ಣನ ಹಣೆಯ ಬೂದಿಯನ್ನೇ ನೋಡಿದ. ತನ್ನ ಸೊಸೆಯಾಗುವವಳ ಬಲಗಿವಿಗೆಂದು ಮಠದಿಂದ ಬಂದ ಮಂತ್ರ ಬಜಾರಿನ ಮಟನ್ ಅಂಗಡಿಗೆ ಹೇಗೆ ಹೋಯಿತು? ಉತ್ತರ ಗೊತ್ತಿದ್ದವನು ಅಂಗಳದಲ್ಲಿ ಒಬ್ಬನೇ. ವಂಶಿಯ ಮಾತಿನ ಬಾಲ ಅವನಿಗೆ ಈಗ ಅರ್ಥವಾಗಿತ್ತು. ಅವನು ಮೆಲ್ಲಗೆ, ಯಾರಿಗೂ ಕಾಣದಂತೆ, ಗದ್ದುಗೆಯ ಪಕ್ಕದ ಮೈಕಿನ ಕಡೆಗೆ ಸರಿಯತೊಡಗಿದ.

ಅಷ್ಟರಲ್ಲಿ ಹೆಡ್ ಕಾನ್ಸ್‌ಟೇಬಲ್ ಚಲಪತಿ ಬಂದ. ತಲೆಯ ಮೇಲೆ ಹೆಲ್ಮೆಟ್, ಕೈಯಲ್ಲಿ ಖಾಲಿ ಸ್ಟೀಲ್ ಡಬ್ಬಿ. "ನಮ್ಮನೇಗೆ ಬೀಗರು ಬಂದವ್ರೆ. ಎರಡು ಕೇಜಿ ಹೇಳಿ ಅಲ್ಲೇ ನಿಂತಿದ್ದೆ. ಈಗ ನೋಡಿದ್ರೆ ಅಂಗಡೀಲಿ ಯಾರೂ ಇಲ್ಲ. ಏಂ ಜರುಗುತೋಂದಿ ಇಕ್ಕಡ? ಏನ್ ನಡೀತೈತೆ ಇಲ್ಲಿ? ಹಾರ್ನಿಗೆ ಪರ್ಮಿಷನ್ ಐತಾ?"

"ಚಲಪತಿ, ನೀನೂ ಅಲ್ಲೇ ಇದ್ಯಲ್ಲ, ನಿಂಗೂ ಬಿತ್ತು," ಎಂದ ಕದಿರಣ್ಣ ಸಂತೋಷದಿಂದ. "ಇನ್ ಮ್ಯಾಲೆ ನೀನೂ ತಿನ್ನಂಗಿಲ್ಲ."

ಚಲಪತಿ ಒಂದು ಹೆಜ್ಜೆ ಹಿಂದಿಟ್ಟ. "ನಾನು ಹೆಲ್ಮೆಟ್ ಹಾಕ್ಕೊಂಡಿದ್ದೆ. ಲೆಕ್ಕಕ್ಕೆ ಬರಲ್ಲ."

ಅವನ ಹಿಂದೆ ಹಾಲಿನ ಗೋವಿಂದಪ್ಪನನ್ನು ಐದಾರು ಹೆಂಗಸರು ಸುತ್ತುಗಟ್ಟಿಕೊಂಡು ಬಂದರು. 'ಅಬದ್ಧಂ ವದಿಲೆಯ್' ಎಂದು ಆಕಾಶವಾಣಿಯಾದಾಗ ಗೋವಿಂದಪ್ಪ ಹಾಲು ಅಳೆಯುತ್ತಿದ್ದನಂತೆ. ಗಾಬರಿಯಲ್ಲಿ ಸುಳ್ಳು ಬಿಟ್ಟೆ ಎಂದು ಒದರಿ, ಕ್ಯಾನಿನಲ್ಲಿ ನೀರೆಷ್ಟು ಎಂಬುದನ್ನೂ ಜೊತೆಗೇ ಹೇಳಿಬಿಟ್ಟಿದ್ದ. ಈಗ ತನಗೆ ದೀಕ್ಷೆಯಾಗಿಲ್ಲ ಎಂದು ಯಾರಾದರೂ ಬರೆದುಕೊಡಿ ಎಂದು ಅಳುತ್ತಿದ್ದ.

ದೊಡ್ಡಬಸಪ್ಪ ಕೈಯೆತ್ತಿದ. ಗತ್ತು ಬಿಡಲಿಲ್ಲ. "ಸುಮ್ನಿರ್ರಪ್ಪ! ದೀಕ್ಷೆ ಅಂದ್ರೆ ಬಲಗಿವಿಗೆ ಬೀಳಬೇಕು. ಎಡಗಿವಿಗೆ ಬಿದ್ರೆ ಅದು ದೀಕ್ಷೆಯಲ್ಲ, ಗಾಳಿಮಾತು. ಏನಯ್ಯಾ ಕದಿರಣ್ಣ, ನೀನು ಯಾವ ಕಡೆ ಮುಖ ಮಾಡ್ಕೊಂಡು ಕೂತಿದ್ದೆ?"

"ಬಡಗಲಿಗೆ."

"ಹಾರ್ನು?"

"ಮೂಡಲಾಗೈತೆ."

"ಹಂಗಾದ್ರೆ ಬಲಗಿವೀನೇ!" ಎಂದು ಗುಂಪಿನಲ್ಲಿ ಯಾರೋ ಕೂಗಿದರು. "ಇಲ್ಲ, ಕಡೀವಾಗ ಅವನು ಓರೆಗೆ ಕೂತ್ಕೊಂತಾನೆ!" ಎಂದು ಇನ್ನೊಬ್ಬರು. ಎರಡು ಪಕ್ಷವಾಯಿತು.

ಚಲಪತಿ ಗಂಟಲು ಸರಿಮಾಡಿಕೊಂಡ. ಅವನ ಇಡೀ ನೌಕರಿಯಲ್ಲಿ ಇಷ್ಟು ಸೂಕ್ಷ್ಮವಾದ ಕೇಸು ಬಂದಿರಲಿಲ್ಲ. "ಇಲ್ಲಿ ಮಾತಾಡಿ ಪ್ರಯೋಜನ ಇಲ್ಲ. ಸ್ಪಾಟ್ ನೋಡಬೇಕು. ಅವನು ಕೂತಂಗೇ ಒಬ್ಬರನ್ನ ಕೂರಿಸಿ, ಯಾವ ಕಿವಿ ಅಂತ ಪಂಚರ ಮುಂದೆ ತೀರ್ಮಾನ ಮಾಡಣ. ನಡೀರಿ." ನ್ಯಾಯ ಸಿಗುವವರೆಗೆ ಯಾರೂ ಉಪ್ಪಿಟ್ಟು ಮುಟ್ಟುವುದಿಲ್ಲ ಎಂಬ ಹಾಗೆ ಅಂಗಳದ ಜನ, ಓಲಗದವರು, ವಂಶಿ, ಮಚ್ಚು ಹಿಡಿದ ರಾಮಾಂಜಿನಮ್ಮ, ಎಲ್ಲರೂ ದೊಡ್ಡಬಸಪ್ಪನ ಹಿಂದೆ ಬಜಾರಿಗೆ ಹೊರಟರು.

ಅಂಗಳದಲ್ಲಿ ಉಳಿದವನು ಶರಣಬಸವ. ಅವನು ಗದ್ದುಗೆಯ ಪಕ್ಕಕ್ಕೆ ಬಿದ್ದು ಮೈಕನ್ನು ಎತ್ತಿಕೊಂಡ. ಗುಂಡಿ ಹುಡುಕಿದ. ಮೈಯೆಲ್ಲ ತಡಕಿದರೂ ಗುಂಡಿಯಿಲ್ಲ. ವೈರು ಕೀಳಬಹುದಿತ್ತು, ಆದರೆ ಕಿತ್ತರೆ ಎಲ್ಲಿ ಮತ್ತೆ ಕುಯ್ಯೋ ಎನ್ನುತ್ತದೋ ಎಂಬ ಭಯ. ಕೊನೆಗೆ, ದಪ್ಪ ಬಟ್ಟೆಯಲ್ಲಿ ಸುತ್ತಿದರೆ ಕಿವಿ ಮುಚ್ಚಿದಂತಾಗಿ ಸುಮ್ಮನಾದೀತು ಎಂದು, ಅಲ್ಲೇ ಬಿದ್ದಿದ್ದ ದೀಕ್ಷೆಯ ಶಾಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಕೂತ.

ಭ್ರಮರಾಂಬ ಬಂದು ಎದುರಿಗೆ ಕುಕ್ಕರಿಸಿದಳು. ಮಡಿಲಿನಿಂದ ಇಣುಕುತ್ತಿದ್ದ ವೈರನ್ನು ನೋಡಿದಳು. ಕಿರುಚುತ್ತಾಳೆ ಎಂದು ಅವನು ಕಣ್ಣು ಮುಚ್ಚಿದ. ಅವಳು ಕಿರುಚಲಿಲ್ಲ. ಒಳಗೆ ಸ್ವಾಮಿಗಳಿದ್ದರು. ಅವನ ಮಡಿಲ ಮೇಲೇ ಬಗ್ಗಿ ಪಿಸುಗುಟ್ಟಿದಳು.

"ಊದುಬತ್ತಿ ಸ್ಟ್ಯಾಂಡಾ ಇದು? ಇಭೂತಿ ಮ್ಯಾಲೆ ಕೈಯಿಟ್ಟು ಹೇಳಿದ್ರಲ್ರೀ."

"ಕೈಯಾಗೆ ಹಿಡೀಲಿಲ್ಲ ಕಣೇ..."

"ಮೂರು ವರ್ಷ ಆಯ್ತು. ಅವ್ವ ಹೋದ್ ಮ್ಯಾಲೆ ನನ್ನ ಏ ಹುಡುಗಿ ಅಂತ ಕರ್ಯೋನು ಅಣ್ಣ ಒಬ್ಬನೇ. ಗೌರಿ ಹಬ್ಬದಾಗೆ ಬೀದಿ ನೋಡ್ಕೊಂಡು ಕೂತ್ಕೊಂತೀನಿ. ಬಾಗಿನದ ಆಸೆಗಲ್ಲ. ಅದನ್ನ ತರೋನ ಮುಖ ನೋಡಕ್ಕೆ. ಹಸು ಅವರ ಮನೆಗೆ ಹೋದ್ರೆ ಅದು ನನ್ನ ತಪ್ಪಾ? ಅಣ್ಣ ಒಂದು ಸಲಾನೂ ಕೇಳ್ಲಿಲ್ಲ, ಬದುಕಿದೀಯಾ ಅಂತ." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ನಿಮ್ಮನ್ನ ಬೈಯಕ್ಕೂ ಮನಸ್ಸು ಬರಲ್ಲ. ಹಿತ್ತಲಾಗೆ ನಂಗೊಬ್ಬಳಿಗೆ ಹಾಡ್ತೀರಲ್ಲ, ಎಷ್ಟು ಚೆಂದ ಹಾಡ್ತೀರಿ! ನಾಕು ಜನ ಕೂತ್ರೆ ಯಾಕ್ರೀ ಹಂಗೆ ಕಿರುಚ್ತೀರಿ?"

ಶರಣಬಸವನಿಗೆ ಹತ್ತು ಜನರೆದುರು ಅವಮಾನವಾದಾಗಲೂ ಬಾರದಿದ್ದ ಅಳು ಈಗ ಬಂತು. ಶಾಲಿನಲ್ಲೇ ಕಣ್ಣೊರೆಸಿಕೊಂಡ.

ಆ ಹೊತ್ತಿಗೆ ಬೇವಿನ ಮರದ ಕೆಳಗೆ ಏನಾಯಿತೆಂಬುದನ್ನು ರಾಮಾಂಜಿನಮ್ಮ ಅವನಿಗೆ ಆಮೇಲೆ ಹೇಳಿದಳು. ಕದಿರಣ್ಣನ ಎತ್ತರ ಮೈಕಟ್ಟಿಗೆ ಸರಿಯಾದವರು ಯಾರೆಂದು ನೋಡಿ ಚಲಪತಿ ದೊಡ್ಡಬಸಪ್ಪನನ್ನೇ ಮಟನ್ ಅಂಗಡಿಯ ದಿಮ್ಮಿಯ ಹಿಂದೆ, ಬಡಗಲಿಗೆ ಮುಖ ಮಾಡಿ ಕೂರಿಸಿದ್ದ. ಕೈಯಲ್ಲಿ ಮಚ್ಚನ್ನೂ ಎತ್ತಿ ಹಿಡಿಸಿದ್ದ. ಎಲ್ಲರೂ ಉಸಿರು ಬಿಗಿಹಿಡಿದು ಕಿವಿಯ ಕೋನ ನೋಡುತ್ತಿದ್ದರು. ಆಗಲೇ ಹಾರ್ನಿನಿಂದ ಪಿಸುಮಾತು ಇಳಿಯಿತು. ಊದುಬತ್ತಿ ಸ್ಟ್ಯಾಂಡಿನಿಂದ ಹಿಡಿದು ಹಿತ್ತಲ ಹಾಡಿನವರೆಗೆ ಒಂದಕ್ಷರವೂ ಬಿಡದೆ, ಸೀದಾ ಬಲಗಿವಿಗೆ. ಮುಗಿಯುವವರೆಗೂ ದೊಡ್ಡಬಸಪ್ಪ ಎತ್ತಿದ ಮಚ್ಚು ಇಳಿಸಲಿಲ್ಲ. ಬಜಾರಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಆಮೇಲೆ ಅವನು ಎದ್ದು, ಯಾರ ಮುಖವನ್ನೂ ನೋಡದೆ, ಮನೆಯ ಕಡೆ ನಡೆದನಂತೆ.

ಅಂಗಳದಲ್ಲಿದ್ದ ಶರಣಬಸವನಿಗೆ ಕಂಡದ್ದು ಇಷ್ಟೇ. ಬಾವ ಬರುತ್ತಿದ್ದಾನೆ. ಕಣ್ಣು ಕೆಂಪಾಗಿದೆ. ಹಿಂದೆ ಊರೇ ಇದೆ. ಮಚ್ಚು ಇನ್ನೂ ಕೈಯಲ್ಲೇ ಇದೆ.

ದೊಡ್ಡಬಸಪ್ಪ ವೇದಿಕೆಯ ಮುಂದೆ ನಿಂತ. "ಬಾವ, ಮಡಿಲಾಗೆ ಏನೈತೆ?"

"ಶಾಲು."

"ಶಾಲಿನೊಳಗೆ?"

ಮುಳುಗುವವನಿಗೆ ಹೊಸ ಸುಳ್ಳು ಹೊಳೆಯುವುದಿಲ್ಲ. ಶರಣಬಸವ ಇದ್ದಬದ್ದ ಧೈರ್ಯವನ್ನೆಲ್ಲ ಕೂಡಿಸಿ ಗಟ್ಟಿಯಾಗಿ ಹೇಳಿದ. "ಊದುಬತ್ತಿ ಸ್ಟ್ಯಾಂಡು!"

ಮರುಕ್ಷಣ ಗಲ್ಲಿಯ ಆ ತುದಿಯಿಂದ, ಬೇವಿನ ಮರದ ಮೇಲಿನಿಂದ, "ಊದುಬತ್ತಿ ಸ್ಟ್ಯಾಂಡು" ಎಂದು ಅವನದೇ ಧ್ವನಿ ಗಂಭೀರವಾಗಿ ತೇಲಿಬಂತು.

ಭ್ರಮರಾಂಬ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡಳು. ತಾನು ಪಿಸುಗುಟ್ಟಿದ್ದೆಲ್ಲ ಎಲ್ಲಿಗೆ ಹೋಯಿತೆಂದು ಅವಳಿಗೆ ಹೊಳೆಯಿತು. ನೆಲ ನೋಡುತ್ತ ಕೂತಳು. ದೊಡ್ಡಬಸಪ್ಪ ಮಚ್ಚನ್ನು ರಾಮಾಂಜಿನಮ್ಮನ ಕೈಗೆ ಕೊಟ್ಟು, ತಂಗಿಯ ಮುಂದೆ ಬಂದ. ಹತ್ತಾಳಿನ ಮುಂದೆ ಅಬ್ಬರಿಸಿ ರೂಢಿಯಿದ್ದವನಿಗೆ ಮೆತ್ತಗೆ ಮಾತಾಡುವುದು ಮರೆತುಹೋಗಿತ್ತು.

"ಏ ಹುಡುಗಿ," ಎಂದ ಕೊನೆಗೆ. "ಈ ಗೌರಿ ಹಬ್ಬಕ್ಕೆ ನಾನೇ ಬತ್ತೀನಿ ಕಣಮ್ಮ. ಬಾಗಿಲು ತೆಗ್ದಿಡು."

ಅವಳು ಅತ್ತಳು. ಅವನೂ ಅತ್ತ. ಏನೆಂದು ತಿಳಿಯದಿದ್ದರೂ ಗೋವಿಂದಪ್ಪನೂ ಅತ್ತ.

ಗದ್ದಲ ಕೇಳಿ ಸ್ವಾಮಿಗಳು ಹೊರಗೆ ಬಂದರು. ದೊಡ್ಡಬಸಪ್ಪ ಕಣ್ಣೊರೆಸಿಕೊಂಡು ಕೈಮುಗಿದ. "ಬುದ್ಧಿ, ಒಬ್ಬರಿಗೆ ಕೊಟ್ಟ ಮಂತ್ರ ಊರಿಗೆಲ್ಲ ಹಂಚಿಹೋಯ್ತು. ನಮ್ಮ ಸೊಸೆಗೆ ಏನು ಉಳೀತು?"

ಸ್ವಾಮಿಗಳು ಭಾರ್ಗವಿಯ ಕಡೆ ತಿರುಗಿದರು. "ಏನಮ್ಮಾ, ನಿನಗೆ ಕಮ್ಮಿ ಬಿತ್ತಾ?"

"ಲೇದು ಸ್ವಾಮಿ," ಎಂದಳು ಭಾರ್ಗವಿ. "ಇನ್ನೂ ಒಳ್ಳೇದೇ ಆಯ್ತು. ಬಜಾರೆಲ್ಲ ಸಾಕ್ಷಿ ಐತೆ. ಮಾವಯ್ಯ ಇನ್ನು ನನ್ನ ಒಲ್ಲೆ ಅನ್ನಂಗಿಲ್ಲ."

ದೊಡ್ಡಬಸಪ್ಪ ಮೀಸೆ ತಿರುವುವ ನೆಪದಲ್ಲಿ ನಗು ಮುಚ್ಚಿಕೊಂಡ. ಕದಿರಣ್ಣ ಮುಂದೆ ಬಂದು ಉದ್ದಂಡ ಬಿದ್ದ. ಸ್ವಾಮಿಗಳು ಅವನನ್ನೂ, ಮಚ್ಚು ಹಿಡಿದ ಅವನ ಹೆಂಡತಿಯನ್ನೂ ನೋಡಿದರು. "ಕೊಟ್ಟದ್ದನ್ನ ವಾಪಸ್ಸು ತಗೊಳಕ್ಕೆ ನನಗೆ ಬರಲ್ಲಪ್ಪ. ಒಮ್ಮೆಗೇ ಎಲ್ಲ ಬಿಡ್ತೀನಿ ಅಂದೋರು ಯಾವುದನ್ನೂ ಬಿಟ್ಟಿದ್ದು ನಾನು ಕಂಡಿಲ್ಲ. ಸೋಮವಾರ ಶಿವನ ದಿನ. ಆವತ್ತು ಮಚ್ಚು ಮುಟ್ಟಬೇಡ. ಅಲ್ಲಿಂದ ಶುರು ಮಾಡು."

ಕದಿರಣ್ಣ ಧನ್ಯನಾದ. ರಾಮಾಂಜಿನಮ್ಮ ಸೆರಗು ಮುಚ್ಚಿಕೊಂಡು ನಕ್ಕಳು. ಸೋಮವಾರ ಕಲ್ಯಾಣದುರ್ಗದಲ್ಲಿ ಮಟನ್ ಕೇಳುವವರು ಯಾವ ಕಾಲದಲ್ಲೂ ಇರಲಿಲ್ಲ. ಅವರ ಅಂಗಡಿ ಅವಳ ಮಾವನ ಕಾಲದಿಂದ ಸೋಮವಾರ ಮುಚ್ಚಿಯೇ ಇರುತ್ತಿತ್ತು. ಚಲಪತಿ ಹೆಲ್ಮೆಟ್ ತೆಗೆದು, ಹಾರ್ನಿನ ಪರ್ಮಿಷನ್ ವಿಷಯ ಮರೆತು, ಡಬ್ಬಿಯನ್ನು ಅವಳ ಮುಂದೆ ಚಾಚಿದ.

"ಬುದ್ಧಿ, ಬಾವ ಹಾಡ್ತಾರೆ," ಎಂದ ದೊಡ್ಡಬಸಪ್ಪ ಇದ್ದಕ್ಕಿದ್ದಂತೆ. ಜನ ಹೌಹಾರಿದರು. ಅವನು ಶರಣಬಸವನ ಮಡಿಲಿನಿಂದ ಶಾಲನ್ನೂ ಮೈಕನ್ನೂ ಎತ್ತಿ, ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಶಾಲನ್ನು ಬಾವನ ತಲೆಯ ಮೇಲೆ ಹೊದಿಸಿದ. "ಕಿರುಚಂಗಿಲ್ಲ. ಹಿತ್ತಲಾಗೆ ಹಾಡ್ದಂಗೆ ಹಾಡಬೇಕು."

ಶಾಲಿನೊಳಗೆ ಕತ್ತಲೆ, ಸೆಖೆ, ವಿಭೂತಿಯ ವಾಸನೆ. ಕೈಯಲ್ಲಿ ಏನೂ ಇರಲಿಲ್ಲ. ಎದುರಿಗೆ ಯಾರೂ ಕಾಣುತ್ತಿರಲಿಲ್ಲ. ಕಿರುಚಲು ಕಾರಣವೇ ಸಿಗದೆ ಶರಣಬಸವ ಮೆಲ್ಲಗೆ ಒಂದು ವಚನ ಎತ್ತಿಕೊಂಡ. ಹಿತ್ತಲ ಕಟ್ಟೆಯ ಮೇಲೆ ಕೂತಿದ್ದೇನೆ, ಭ್ರಮರಾಂಬ ಬಟ್ಟೆ ಒಗೆಯುತ್ತಿದ್ದಾಳೆ ಎಂದುಕೊಂಡು ಹಾಡಿದ. ಒಂದಾಯಿತು, ಎರಡಾಯಿತು. ಹೊರಗೆ ಒಂದು ಸದ್ದೂ ಇರಲಿಲ್ಲ. ಇಷ್ಟು ಮೌನವಾಗಿ ಯಾರೂ ತನ್ನ ಹಾಡು ಕೇಳಿದ್ದಿಲ್ಲವಲ್ಲ ಎಂಬ ಅನುಮಾನ ಬಂತು. ಮೂರನೆಯದರ ನಡುವೆ ತಡೆಯಲಾರದೆ ಶಾಲಿನ ಅಂಚನ್ನು ಎತ್ತಿ ನೋಡಿದ.

ಅಂಗಳ ಖಾಲಿ. ಸ್ವಾಮಿಗಳ ಗದ್ದುಗೆ ಖಾಲಿ. ಚಾಪೆಗಳು ಖಾಲಿ. ಓಲಗದವರ ಡೋಲು ಒಂಟಿಯಾಗಿ ಬಿದ್ದಿತ್ತು. ಎದುರುಮನೆಯ ಬೈರಣ್ಣ ಕೂಡ ಬಾಗಿಲು ಹಾಕಿಕೊಂಡು ಎಲ್ಲಿಗೋ ಹೋಗಿದ್ದ.

"ಎಲ್ರೂ ಎದ್ದು ಹೋದ್ರಲ್ಲಪ್ಪಾ ಶಿವನೇ," ಎಂದು ಶರಣಬಸವ ತನಗೆ ತಾನೇ ಹೇಳಿಕೊಂಡ.

ಗಲ್ಲಿಯ ಆ ತುದಿಯಿಂದ, ಬೇವಿನ ಮರದ ಕಡೆಯಿಂದ, ನೂರಾರು ಜನರ ಗದ್ದಲವನ್ನು ಸೀಳಿಕೊಂಡು ಭ್ರಮರಾಂಬನ ಧ್ವನಿ ಬಂತು. ಮೂರು ವರ್ಷದಿಂದ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ.

"ಇಲ್ಲೇ ಇದೀವಿ ಕಣ್ರೀ! ಅಲ್ಲಿ ಏನೂ ಕೇಳಲ್ಲ, ಇಲ್ಲಿ ಕೇಳ್ತೈತೆ! ಅಣ್ಣ ಕೇಳ್ತಾವ್ನೆ, ಯಾಕೆ ನಿಲ್ಲಿಸ್ಬುಟ್ರಿ ಅಂತ!"

ಶರಣಬಸವ ಮತ್ತೆ ಶಾಲು ಹೊದ್ದುಕೊಂಡ.